ಸುಣ್ಣದ ಗೂಡಿನಿಂದ ಸಿಮೆಂಟ್ ಏಜೆನ್ಸಿವರೆಗೆ: ಮನೆತನದ ವ್ಯಾಪಾರದ ಚರಿತ್ರೆ ಬರೆಯೋದು ಹೇಗೆ?

ಗೂಡಿನ ಮನೆ, ಮೈಸೂರು

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಮ್ಮದು ಕಟ್ಟಡ ಸಾಮಾನಿನ ವ್ಯಾಪಾರ. ಮುತ್ತಾತ ಸುಣ್ಣದ ಗೂಡು ಇಟ್ಟಿದ್ದರು. ತಾತ ಅದರ ಜೊತೆಗೆ ಇಟ್ಟಿಗೆ, ಮಂಗಳೂರು ಹೆಂಚು ತರಿಸಿದರು, ಸಣ್ಣಪುಟ್ಟ ಮನೆ ಕಂಟ್ರಾಕ್ಟೂ ಹಿಡಿದರು. ಅಪ್ಪ, ದೊಡ್ಡಪ್ಪನ ಕಾಲಕ್ಕೆ ಸಿಮೆಂಟು, ಕಂಬಿ ಬಂತು. ಈಗ ನಾನೂ ದೊಡ್ಡಪ್ಪನ ಮಗನೂ ಸೇರಿ ನಡೆಸುತ್ತಿದ್ದೇವೆ.

ಮುಂದಿನ ಆಯುಧಪೂಜೆ ಹೊತ್ತಿಗೆ ಮನೆತನದ ವ್ಯಾಪಾರದ ಬಗ್ಗೆ ಒಂದು ಪುಸ್ತಕ ತರಬೇಕು ಅಂತ ಮಾತಾಗಿದೆ. ಅಣ್ಣನ ಲೆಕ್ಕಾಚಾರ ಏನೆಂದರೆ ಹೊಳೆಯುವ ಕಾಗದ, ಹಿರಿಯರ ಫೋಟೋ, ದೊಡ್ಡವರ ಶುಭಾಶಯ, ಕೊನೆಗೆ ಈಗಿನ ಗೋಡೌನಿನ ಬಣ್ಣದ ಚಿತ್ರ. ನನಗೆ ಅದು ಮನಸ್ಸಿಗೆ ಬರುತ್ತಿಲ್ಲ. ಅಟ್ಟದ ಮೇಲಿನ ಟ್ರಂಕಿನಲ್ಲಿ ತಾತನ ಕಿರ್ದಿ (ದಿನದಿನದ ಲೆಕ್ಕದ) ಪುಸ್ತಕಗಳಿವೆ, ಖಾತೆ ಪುಸ್ತಕಗಳಿವೆ, ಕೂಲಿಯವರ ಹಾಜರಿ ಪುಸ್ತಕಗಳೂ ಇವೆ. ಕೆಲವಕ್ಕೆ ಗೆದ್ದಲು ಹಿಡಿದಿದೆ. ಬಾಕಿ ಓದಬಹುದು. ಅದನ್ನೆಲ್ಲ ಬಿಟ್ಟು ಬರೀ ಫೋಟೋ ಹಾಕಿದರೆ ಅದು ಚರಿತ್ರೆ ಹೇಗಾಗುತ್ತೆ?

ಇನ್ನೊಂದು ವಿಷಯ. ಮುತ್ತಾತ ಅರಮನೆಗೆ ಸುಣ್ಣ ಕೊಟ್ಟಿದ್ದರು, ಕನ್ನಂಬಾಡಿ ಕಟ್ಟೆಗೂ ಕೊಟ್ಟಿದ್ದರು ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಮದುವೆ ಮನೆಗಳಲ್ಲಿ ಇದನ್ನೇ ಕೇಳಿ ಬೆಳೆದವರು ನಾವು. ಅಚ್ಚು ಹಾಕುವ ಮುಂಚೆ ನಿಜ ತಿಳಿಯಬೇಕು. ಎಲ್ಲಿಂದ ಶುರು ಮಾಡಲಿ?

ಹಳೇ ಇಂಜಿನಿಯರ್, ಸರಸ್ವತಿಪುರಂ

ಮೊದಲು ತಾರೀಕು ಜೋಡಿಸಿಕೊಳ್ಳಿ. ಹಳೇ ಮರದ ಅರಮನೆ ಸುಟ್ಟಿದ್ದು 1897ರಲ್ಲಿ. ಹೆನ್ರಿ ಇರ್ವಿನ್ ನಕ್ಷೆಯಂತೆ ಹೊಸ ಅರಮನೆ ಮುಗಿದಿದ್ದು 1912ರಲ್ಲಿ. ಕನ್ನಂಬಾಡಿ ಕೆಲಸ 1911ರ ನವೆಂಬರಿನಲ್ಲಿ ಶುರುವಾಗಿ ಹತ್ತಿರ ಹತ್ತಿರ ಇಪ್ಪತ್ತು ವರ್ಷ ನಡೆಯಿತು. ಲಲಿತ ಮಹಲಿಗೆ ಅಡಿಗಲ್ಲು ಬಿದ್ದಿದ್ದು 1921ರಲ್ಲಿ. ನಿಮ್ಮ ಮುತ್ತಾತ ಗೂಡು ಇಟ್ಟಿದ್ದು ಯಾವಾಗ ಅನ್ನೋದು ಗೊತ್ತಾದರೆ ಅರ್ಧ ಪ್ರಶ್ನೆ ಅಲ್ಲೇ ತೀರುತ್ತೆ.

ಕನ್ನಂಬಾಡಿ ವಿಷಯಕ್ಕೆ ಸುಣ್ಣ ಎಷ್ಟು ಮುಖ್ಯ ಅನ್ನೋದನ್ನ ನಿಮ್ಮ ಪುಸ್ತಕದಲ್ಲಿ ದಯವಿಟ್ಟು ಬಿಡಿಸಿ ಬರೆಯಿರಿ. ಈಗಿನ ಹುಡುಗರಿಗೆ ಗೊತ್ತೇ ಇಲ್ಲ. ಕಟ್ಟೆಯ ಉದ್ದ 8,600 ಅಡಿ, ಎತ್ತರ 130 ಅಡಿ. ಅಷ್ಟೂ ಕಲ್ಲನ್ನು ಹಿಡಿದು ನಿಲ್ಲಿಸಿರುವುದು ಸುರ್ಕಿ ಗಾರೆ, ಅಂದರೆ ಇಟ್ಟಿಗೆ ಪುಡಿ ಬೆರೆಸಿದ ಸುಣ್ಣದ ಗಾರೆ. ಆಗ ಸಿಮೆಂಟ್ ಹೆಚ್ಚಾಗಿ ಹಡಗಿನಲ್ಲಿ ಬರಬೇಕಿತ್ತು, ಬೆಲೆ ಕೈಗೆ ಎಟುಕುತ್ತಿರಲಿಲ್ಲ. ಬರೀ ಸುಣ್ಣ, ಮರಳಿನ ಗಾರೆ ಗಟ್ಟಿಯಾಗುವುದು ಗಾಳಿಯಿಂದ. ಅಣೆಕಟ್ಟೆಯಂಥ ದಪ್ಪ ಗೋಡೆಯ ಹೊಟ್ಟೆಯೊಳಗೆ ಗಾಳಿ ಎಲ್ಲಿಂದ ಬರಬೇಕು? ನೀರಿನಲ್ಲಂತೂ ಅದು ಹಸಿಯಾಗಿಯೇ ಉಳಿದುಬಿಡುತ್ತೆ. ಅದಕ್ಕೇ ಹದವಾಗಿ ಸುಟ್ಟ ಇಟ್ಟಿಗೆಯನ್ನು ನುಣ್ಣಗೆ ಪುಡಿ ಮಾಡಿ ಬೆರೆಸುತ್ತಿದ್ದರು. ಆ ಪುಡಿಯಲ್ಲಿರುವ ಸಿಲಿಕಾ ಸುಣ್ಣದ ಜೊತೆ ಕೂಡಿ, ಗಾಳಿ ಇಲ್ಲದಿದ್ದರೂ ನೀರಿನೊಳಗೇ ಕಲ್ಲಾಗುತ್ತೆ. ಇಟ್ಟಿಗೆ ಜಾಸ್ತಿ ಬೆಂದರೆ ಪುಡಿ ಕೆಲಸಕ್ಕೆ ಬರಲ್ಲ, ಕಮ್ಮಿ ಬೆಂದರೂ ಬರಲ್ಲ. ಹಾಗಾಗಿ ಸುಣ್ಣ ಸುಡುವವರ ಜೊತೆಗೆ ಇಟ್ಟಿಗೆ ಸುಡುವವರ ಕಣ್ಣಳತೆಯೂ ಆ ಕಟ್ಟೆಯಲ್ಲಿದೆ.

ದಾಖಲೆಗೆ ರಾಜ್ಯ ಪತ್ರಾಗಾರ ಇಲಾಖೆಯಲ್ಲಿ ಸಂಸ್ಥಾನದ ಕಾಲದ ಲೋಕೋಪಯೋಗಿ ಕಡತಗಳನ್ನು ಕೇಳಿ. ವರ್ಷ ವರ್ಷದ ಆಡಳಿತ ವರದಿಗಳನ್ನೂ ನೋಡಿ. ಒಂದು ಮಾತು ನೆನಪಿರಲಿ. ಕಡತದಲ್ಲಿ ದೊಡ್ಡ ಕಂಟ್ರಾಕ್ಟರ ಹೆಸರು ಸಿಗಬಹುದು. ಲಲಿತ ಮಹಲನ್ನೇ ನೋಡಿ, ನಕ್ಷೆ ಮಾಡಿದ ಫ್ರಿಚ್ಲೆ ಹೆಸರಿದೆ, ಕಟ್ಟಿಸಿದ ಕಂಟ್ರಾಕ್ಟರ್ ಬಿ. ಮುನಿವೆಂಕಟಪ್ಪನವರ ಹೆಸರಿದೆ. ಅವರಿಗೆ ಗಾಡಿ ಲೆಕ್ಕದಲ್ಲಿ ಸುಣ್ಣ ಹಾಕಿದವರ ಹೆಸರು ಸರ್ಕಾರಿ ಕಡತಕ್ಕೆ ಬರೋದು ಅಪರೂಪ. ಅದು ಸಿಕ್ಕರೆ ನಿಮ್ಮ ಟ್ರಂಕಿನಲ್ಲೇ ಸಿಗಬೇಕು.

ಗೂಡಿನ ಮನೆ, ಮೈಸೂರು

ಧನ್ಯವಾದ ಸರ್. ಗೂಡು ಇಟ್ಟಿದ್ದು 1920ರ ದಶಕದ ಕೊನೆಯಲ್ಲಿ ಅಂತ ಅಪ್ಪ ಹೇಳುತ್ತಾರೆ. ಹಾಗಾದರೆ ಅರಮನೆ ಮಾತು ಬಿಟ್ಟೇಹೋಯಿತು. ಕನ್ನಂಬಾಡಿ ಕಟ್ಟೆಯ ಕೊನೆಯ ವರ್ಷಗಳು ಸಿಗಬಹುದು. ಕಾಗದ ಸಿಗುವವರೆಗೆ ಅದನ್ನು 'ಮನೆಯವರ ಮಾತು' ಅಂತಲೇ ಬರೆಯುತ್ತೇನೆ.

ಕರಣೆ, ಮದ್ದೂರು

ನಾನು ಗಾರೆ ಕೆಲಸದವನು. ನಮ್ಮಪ್ಪ, ಅವರಪ್ಪ ಎಲ್ಲರದೂ ಇದೇ ಕಸುಬು. ಸಿಮೆಂಟಿನ ಮುಂಚಿನ ಕೆಲಸ ಹೇಗಿತ್ತು ಅಂತ ನಿಮ್ಮ ಪುಸ್ತಕಕ್ಕೆ ಬೇಕಿದ್ದರೆ ಹೇಳುತ್ತೇನೆ ಅಣ್ಣ.

ಕೆಲಸದ ಜಾಗದಲ್ಲೇ ಗಾರೆ ಗಾಣ ಹಾಕುತ್ತಿದ್ದರು. ನೆಲದಲ್ಲಿ ದುಂಡಗೆ ಕಾಲುವೆ ತೋಡಿ, ತಳಕ್ಕೂ ಪಕ್ಕಕ್ಕೂ ಕಲ್ಲು ಕಟ್ಟಿ, ನಡುವೆ ಗೂಟ ನೆಟ್ಟು, ದಪ್ಪ ಕಲ್ಲಿನ ಚಕ್ರವನ್ನು ಎತ್ತಿನ ಕೈಲಿ ಸುತ್ತಿಸೋದು. ಅರಳಿಸಿದ ಸುಣ್ಣ, ಮರಳು, ನೀರು ಹಾಕಿ ಅರೆಯುತ್ತಲೇ ಇರಬೇಕು. ಮೇಲ್ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸೋರು. ಹದ ಬಂತಾ ಅಂತ ನೋಡೋದು ಹೀಗೆ. ನಮ್ಮ ತಾತ ಒಂದು ಮುದ್ದೆ ಗಾರೆಯನ್ನು ಕರಣೆಗೆ ಮೆತ್ತಿ, ಕರಣೆಯನ್ನು ತಲೆಕೆಳಗು ಮಾಡಿ ಹಿಡಿಯುತ್ತಿದ್ದರಂತೆ. ಗಾರೆ ಬಿದ್ದರೆ ಎತ್ತು ಮತ್ತೆ ಸುತ್ತಬೇಕು. ಅಂಟಿಕೊಂಡು ನಿಂತರೆ ಮಾತ್ರ ಬಾಂಡ್ಲಿಗೆ ತುಂಬೋದು. ಮಾಲೀಕ ಎಷ್ಟೇ ಅವಸರ ಮಾಡಿದರೂ ಅದಕ್ಕೆ ಮುಂಚೆ ಗೋಡೆಗೆ ಹಾಕುತ್ತಿರಲಿಲ್ಲ.

2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ, 2016ರಲ್ಲಿ ದೇವರಾಜ ಮಾರುಕಟ್ಟೆ ಒಂದು ಭಾಗ ಕುಸಿದಾಗ ಎಲ್ಲರೂ ಹಳೇ ಗಾರೆಗೆ ಬೈದರು. ನನಗೆ ಸಂಕಟ ಆಯಿತು. ಗಾರೆ ಗೋಡೆ ತೇವ ಹೀರಿಕೊಂಡು ಮತ್ತೆ ಹೊರಗೆ ಬಿಡುತ್ತೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಕೂರುತ್ತೆ, ಗಾರೆ ಪುಡಿಯಾಗುತ್ತೆ. ತಾರಸಿ ಮೇಲೆ ಅರಳಿ ಗಿಡ ಹುಟ್ಟಿದ್ದನ್ನು ಕೀಳದೆ ಬಿಟ್ಟು, ನೀರಿನ ದೋಣಿ ಸರಿ ಮಾಡದೆ ಬಿಟ್ಟು, ಆಮೇಲೆ ಸುಣ್ಣದ ಮೇಲೆ ತಪ್ಪು ಹೊರಿಸೋದು ನ್ಯಾಯ ಅಲ್ಲ. ಇಂಥ ರಿಪೇರಿ ಎಲ್ಲೆಲ್ಲೂ ನೋಡಿದ್ದೇನೆ.

ಕೊನೆಗೆ ಒಂದು ಕೋರಿಕೆ. ಹಾಜರಿ ಪುಸ್ತಕ ಇದೆ ಅಂದಿರಲ್ಲ, ಅದರಲ್ಲಿರೋ ಮೇಸ್ತ್ರಿಗಳ ಹೆಸರು ಹಾಕಿ. ನಿಮ್ಮ ತಾತ ಕಂಟ್ರಾಕ್ಟ್ ಹಿಡಿದ ಮನೆಗಳನ್ನು ಕಟ್ಟಿದೋರು ಅವರೇ ಅಲ್ವಾ?

ಪಶ್ಚಿಮವಾಹಿನಿ, ಶ್ರೀರಂಗಪಟ್ಟಣ

ಕರಣೆ ಅಣ್ಣ ಮೇಸ್ತ್ರಿಗಳ ಹೆಸರು ಹಾಕಿ ಅಂದರು. ನಾನು ಗೂಡಿನಲ್ಲಿ ದುಡಿದ ಹೆಂಗಸರ ಬಗ್ಗೆ ಕೇಳುತ್ತೇನೆ. ನಮ್ಮ ಅತ್ತೆ ಮದುವೆಯಾಗಿ ಬಂದ ಹೊಸದರಲ್ಲಿ ಸುಣ್ಣದ ಗೂಡಿಗೆ ಕೂಲಿಗೆ ಹೋಗುತ್ತಿದ್ದರು. ಹೊಲದಲ್ಲಿ ಸಿಗುವ ಸುಣ್ಣದ ಹರಳು ಆರಿಸಿ ತರುವುದು, ಗೂಡಿಗೆ ಒಂದು ಪದರ ಹರಳು, ಒಂದು ಪದರ ಇದ್ದಿಲು ತುಂಬುವುದು, ಆರಿದ ಮೇಲೆ ಕೆಳಗಿನ ಬಾಯಿಂದ ಎಳೆಯುವುದು, ನೀರು ಹಾಕಿ ಅರಳಿಸುವುದು, ಜರಡಿ ಹಿಡಿಯುವುದು. ಗೂಡು ಕಟ್ಟುವುದು, ಬೆಂಕಿ ನೋಡುವುದು ಬಿಟ್ಟರೆ ಮಿಕ್ಕಿದ್ದೆಲ್ಲ ಹೆಂಗಸರ ಕೈಯಲ್ಲೇ.

ಅರಳಿಸುವ ಕೆಲಸ ಎಂಥದ್ದು ಅಂತ ಅತ್ತೆ ಹೇಳುತ್ತಿದ್ದರು. ಸುಟ್ಟ ಹರಳಿನ ರಾಶಿ ಮೇಲೆ ನೀರು ಸುರಿದ ತಕ್ಷಣ ಬುಸ್ ಅಂತ ಹಬೆ ಏಳುತ್ತೆ, ಹರಳು ಸಿಡಿಯುತ್ತೆ. ಕಣ್ಣಿಗೆ ಒಂದು ಚೂರು ಬಿದ್ದರೆ ಕಣ್ಣೇ ಹೋಗಬಹುದು. ಸೆರಗನ್ನು ಮೂಗಿಗೆ ಬಾಯಿಗೆ ಬಿಗಿದುಕೊಂಡು, ಕೈಗೆ ಎಣ್ಣೆ ಹಚ್ಚಿಕೊಂಡು ಕೆಲಸ ಮಾಡೋರಂತೆ. ಅವರ ಬೆರಳ ಸಂದಿನ ಚರ್ಮ ಕೊನೆವರೆಗೂ ಒಡೆದೇ ಇತ್ತು. ಹಬ್ಬಕ್ಕೆ ಹೋಳಿಗೆ ಹಿಟ್ಟು ನಾದುವಾಗ ಉರಿ ಅಂತ ನಮ್ಮ ಕೈಗೆ ಕೊಡುತ್ತಿದ್ದರು.

ನಮ್ಮ ಕಡೆ ಸುಣ್ಣ ಸುಡುವುದು ಉಪ್ಪಾರರ ಕಸುಬು, ಕಲ್ಲು ಒಡೆಯುವುದು ಭೋವಿಗಳ ಕಸುಬು. ಇದನ್ನೂ ಮುಚ್ಚಿಡದೆ ಬರೆಯಿರಿ. ಗೂಡಿನ ಮಾಲೀಕರ ಮನೆಯ ಚರಿತ್ರೆ ಗೂಡಿನೊಳಗೆ ಬೆಂದವರನ್ನು ಬಿಟ್ಟು ಆಗಲ್ಲ.

ಲ್ಯಾಬ್ ಕೆಲಸದವನು, ಹೆಬ್ಬಾಳು ಕೈಗಾರಿಕಾ ಪ್ರದೇಶ

ಸುಣ್ಣದ ಗೂಡಿನಿಂದ ಶುರುವಾದ ಮನೆತನ ಅಂದಾಗ ನನಗೆ ಮೊದಲು ನೆನಪಾಗಿದ್ದು ಫ್ರಾನ್ಸಿನ ಲಾಫಾರ್ಜ್. ಅವರದ್ದೂ ಹೀಗೇ. ರೋನ್ ನದಿ ದಂಡೆಯ ಆರ್ಡೆಶ್ ಪ್ರಾಂತ್ಯದಲ್ಲಿ ಪವಾಂ ಅನ್ನೋ ಮನೆತನ 1749ರಲ್ಲಿ ಲಾಫಾರ್ಜ್ ಅನ್ನುವ ಜಮೀನು ಕೊಂಡಿತು. ಅಲ್ಲಿ ಒಳ್ಳೆ ಸುಣ್ಣದ ಕಲ್ಲಿನ ಗುಡ್ಡ ಇತ್ತು. 1833ರಲ್ಲಿ ಲಿಯಾನ್ ಪವಾಂ ದ ಲಾಫಾರ್ಜ್ ಅದನ್ನು ಸರಿಯಾದ ಕಾರ್ಖಾನೆಯಾಗಿ ಮಾಡಿದರು. 1864ರಲ್ಲಿ ಅವರಿಗೆ ಸೂಯೆಜ್ ಕಾಲುವೆ ಕೆಲಸಕ್ಕೆ 1,10,000 ಟನ್ ಸುಣ್ಣದ ಆರ್ಡರ್ ಸಿಕ್ಕಿತು. ಮನೆತನದ ವ್ಯಾಪಾರ ಜಗತ್ತಿಗೆ ಕಾಲಿಟ್ಟಿದ್ದು ಆಗ.

ಆ ಆರ್ಡರ್ ಅವರಿಗೇ ಏಕೆ ಸಿಕ್ಕಿತು ಅನ್ನೋದು ಹಳೇ ಇಂಜಿನಿಯರ್ ಸಾರ್ ಹೇಳಿದ ವಿಷಯಕ್ಕೇ ಬಂದು ನಿಲ್ಲುತ್ತೆ. ಅವರ ಗುಡ್ಡದ ಕಲ್ಲಿನಲ್ಲೇ ಸಿಲಿಕಾ ಸೇರಿಕೊಂಡಿತ್ತು. ಸುಟ್ಟರೆ ಸಿಗುವ ಸುಣ್ಣ ನೀರೊಳಗೇ ಗಟ್ಟಿಯಾಗುತ್ತಿತ್ತು. ಸಮುದ್ರದ ಕೆಲಸಕ್ಕೆ ಅದೇ ಬೇಕಿತ್ತು. ನಾವು ಇಟ್ಟಿಗೆ ಪುಡಿ ಬೆರೆಸಿ ಪಡೆದ ಗುಣ ಅವರಿಗೆ ಕಲ್ಲಿನಲ್ಲೇ ಬಂದಿತ್ತು. ನಮ್ಮ ಹೊಲದ ಸುಣ್ಣದ ಹರಳಿನಲ್ಲೂ ಸ್ವಲ್ಪ ಜೇಡಿ ಇರುತ್ತೆ, ಹಾಗಾಗಿ ಅದರ ಸುಣ್ಣಕ್ಕೂ ಅಷ್ಟಿಷ್ಟು ಈ ಗುಣ ಇದೆ. ನಿಮ್ಮ ಮುತ್ತಾತನ ಗೂಡಿನ ಜಾಗದಲ್ಲಿ ಹಳೇ ಹರಳು ಸಿಕ್ಕರೆ ತನ್ನಿ, ಪರೀಕ್ಷೆ ಮಾಡಿಕೊಡುತ್ತೇನೆ.

ಲಾಫಾರ್ಜ್ ಕಥೆಯಲ್ಲಿ ನನಗೆ ಇಷ್ಟವಾಗೋದು 1887. ಆ ವರ್ಷ ಅವರು ಕಾರ್ಖಾನೆಯಲ್ಲೇ ಒಂದು ಪ್ರಯೋಗಾಲಯ ತೆರೆದರು. ಅಲ್ಲಿಂದಲೇ ಮುಂದೆ ಜೂಲ್ಸ್ ಬೀಡ್ ಅನ್ನುವವರು ಅಲ್ಯೂಮಿನಾ ಸಿಮೆಂಟ್ ಕಂಡುಹಿಡಿದರು. 1908ರಲ್ಲಿ ಪೇಟೆಂಟ್ ಆಯಿತು. ಈಗಲೂ ಕುಲುಮೆ ಒಳಗೋಡೆಗೆ ಈ ಜಾತಿಯ ಸಿಮೆಂಟೇ ಬೇಕು. ಮಾರುವ ಸರಕನ್ನು ಅರ್ಥ ಮಾಡಿಕೊಳ್ಳೋಕೆ ಒಂದು ಮನೆತನ ದುಡ್ಡು ಹಾಕಿತಲ್ಲ, ಅದು ದೊಡ್ಡದು.

ಆಮೇಲೆ ಅದು ಬೆಳೆದು, ಬೇರೆಯವರನ್ನು ಕೊಂಡು, 1999ರಲ್ಲಿ ಟಾಟಾದವರ ಸಿಮೆಂಟ್ ಘಟಕ ಕೊಂಡು ನಮ್ಮ ದೇಶಕ್ಕೂ ಬಂದು, 2015ರಲ್ಲಿ ಸ್ವಿಟ್ಜರ್ಲೆಂಡಿನ ಹೋಲ್ಸಿಮ್ ಜೊತೆ ಸೇರಿಹೋಯಿತು. ಈಗ ಒಟ್ಟು ಗುಂಪಿಗೆ ಹೋಲ್ಸಿಮ್ ಅಂತಲೇ ಹೆಸರು. ನಮ್ಮ ಹತ್ತಿರದ ಅಮ್ಮಸಂದ್ರದ ಕಥೆ ನೋಡಿ. ಮೈಸೂರು ಸಿಮೆಂಟ್ಸ್ ಕಂಪನಿ ಆಗಿದ್ದು 1958ರಲ್ಲಿ, ಬಿರ್ಲಾ ಮನೆತನದ ಒಂದು ಕವಲಿನ ಕೈಲಿತ್ತು. 2006ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ಕೊಂಡಿತು. ಆ ಹೈಡೆಲ್‌ಬರ್ಗ್ ಶುರುವಾಗಿದ್ದೂ ಷಿಫರ್‌ಡೆಕ್ಕರ್ ಅನ್ನುವ ಒಬ್ಬರಿಂದ. ಬಿಯರ್ ತಯಾರಿಸುತ್ತಿದ್ದವರು 1873ರಲ್ಲಿ ಒಂದು ಹಳೇ ಗಿರಣಿ ಕೊಂಡು ಅದನ್ನು ಸಿಮೆಂಟ್ ಕಾರ್ಖಾನೆ ಮಾಡಿದರು.

ಗೂಡಿನ ಮನೆ, ಮೈಸೂರು

ಎಲ್ಲರ ಮಾತೂ ಓದಿದೆ. ಪಶ್ಚಿಮವಾಹಿನಿ ಅಕ್ಕ, ನಿಮ್ಮ ಅತ್ತೆಯವರ ವಿಷಯ ಓದಿ ಅಮ್ಮನಿಗೂ ಓದಿ ಹೇಳಿದೆ. ಹರಳು ಹುಡುಕುತ್ತೇನೆ ಸರ್, ಗೂಡಿನ ಜಾಗ ಈಗ ಸೈಟುಗಳಾಗಿದೆ, ಆದರೆ ಹಿಂದಿನ ಬೇಲಿ ಪಕ್ಕ ರಾಶಿ ಇರಬೇಕು.

ಈಗ ನನ್ನನ್ನು ಕಾಡುತ್ತಿರುವ ಒಂದು ವಿಷಯ ಕೇಳಬೇಕು. 1982ರ ಕಿರ್ದಿಯಲ್ಲಿ ಒಂದೇ ದಿನ, ಒಂದೇ ಕಂಪನಿ ಸಿಮೆಂಟು, ಎರಡು ದರಕ್ಕೆ ಮಾರಿದ್ದಾರೆ. ಒಂದು ದರಕ್ಕೂ ಇನ್ನೊಂದಕ್ಕೂ ತುಂಬಾ ಅಂತರ. ಕಮ್ಮಿ ದರದವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಒಂದು ನಂಬರ್ ಇದೆ. ಜಾಸ್ತಿ ದರದವರ ಮುಂದೆ ಏನೂ ಇಲ್ಲ. ತಾತ ಮುಖ ನೋಡಿ ಮಣೆ ಹಾಕುತ್ತಿದ್ದರೇ? ಬ್ಲ್ಯಾಕಿನಲ್ಲಿ ಮಾರುತ್ತಿದ್ದರೇ? ಅಪ್ಪನನ್ನು ಕೇಳೋಕೆ ಧೈರ್ಯ ಬರುತ್ತಿಲ್ಲ. ಹಾಗಿದ್ದರೂ ಪುಸ್ತಕದಲ್ಲಿ ಬರೆಯಬೇಕು ಅಂತಲೇ ನನ್ನ ಮನಸ್ಸು.

ಲೆಕ್ಕದವರು, ಮಂಡ್ಯ

ಅಪ್ಪನನ್ನು ಧೈರ್ಯವಾಗಿ ಕೇಳಿ. ನಾನು ಆ ಕಾಲದಲ್ಲಿ ಇಂಥ ಅಂಗಡಿಗಳ ಲೆಕ್ಕ ನೋಡಿದವನು. ನೀವು ಹೇಳಿದ್ದು ಆಗಿನ ಕಾನೂನಿನ ಪ್ರಕಾರವೇ ಇದೆ.

ಎರಡನೇ ಮಹಾಯುದ್ಧದ ಕಾಲದಿಂದ ಸಿಮೆಂಟಿನ ಮೇಲೆ ಸರ್ಕಾರದ ಹಿಡಿತ ಇತ್ತು. ದರ, ಹಂಚಿಕೆ ಎರಡೂ ಅವರದ್ದೇ. ಮನೆ ಕಟ್ಟಬೇಕಾದರೆ ಅರ್ಜಿ ಕೊಟ್ಟು ಪರ್ಮಿಟ್ ತಗೋಬೇಕು. ಪರ್ಮಿಟ್ಟಿಗಾಗಿ ತಿಂಗಳುಗಟ್ಟಲೆ ಓಡಾಡಿದವರು ಎಷ್ಟು ಜನ! ಮಗಳ ಮದುವೆಗೆ ಮುಂಚೆ ಒಂದು ರೂಮು ಹಾಕಿಸೋಣ ಅಂದವರು ಮದುವೆ ಮುಗಿದ ಮೇಲೆ ಸಿಮೆಂಟ್ ಪಡೆದದ್ದನ್ನು ಕಂಡಿದ್ದೇನೆ. 1982ರ ಫೆಬ್ರವರಿಯಲ್ಲಿ ಸರ್ಕಾರ ಹಿಡಿತ ಅರ್ಧ ಸಡಿಲಿಸಿತು. ಹಳೇ ಕಾರ್ಖಾನೆಗಳು ತಮ್ಮ ಪಾಲಿನ ಸುಮಾರು ಮೂರನೇ ಎರಡು ಭಾಗವನ್ನು ಸರ್ಕಾರ ಹೇಳಿದ ದರಕ್ಕೆ ಕೊಡಬೇಕು, ಅದು ಲೆವಿ. ಸರ್ಕಾರಿ ಕೆಲಸಕ್ಕೂ ಸಣ್ಣ ಮನೆ ಕಟ್ಟುವವರಿಗೂ ಅದು ಹೋಗುತ್ತಿತ್ತು. ಉಳಿದದ್ದನ್ನು ಮಾರ್ಕೆಟ್ ದರಕ್ಕೆ ಮಾರಬಹುದು. ಆ ಕೆಂಪು ನಂಬರ್ ಪರ್ಮಿಟ್ ನಂಬರ್ ಆಗಿರಬೇಕು. ವರ್ಷ ಕಳೆದಂತೆ ಲೆವಿ ಪಾಲು ಇಳಿಯುತ್ತಾ ಬಂದು, 1989ರ ಮಾರ್ಚ್ 1ಕ್ಕೆ ಹಿಡಿತ ಪೂರ್ತಿ ಹೋಯಿತು. ನಿಮ್ಮ ಕಿರ್ದಿಯಲ್ಲೂ ಅಲ್ಲಿಗೆ ಕೆಂಪು ಶಾಯಿ ನಿಂತಿರಬೇಕು, ನೋಡಿ ಹೇಳಿ.

ಇನ್ನೂ ಒಂದು ಕಡೆ ಕಣ್ಣಾಡಿಸಿ. ಆಗ ಸಿಮೆಂಟ್ ಗೋಣಿಚೀಲದಲ್ಲಿ ಬರುತ್ತಿತ್ತು. ಖಾಲಿ ಚೀಲಕ್ಕೆ ಬೇರೆ ಲೆಕ್ಕ ಇರುತ್ತಿತ್ತು. ಅದನ್ನು ಕೊಡವಿದಾಗ ಉದುರುವ ಪುಡಿಗೂ ಗಿರಾಕಿ ಇದ್ದರು, ಬಡವರು ಬಚ್ಚಲು ಕಲ್ಲಿನ ಸಂದಿಗೆ ಹಾಕಿಕೊಳ್ಳೋಕೆ ಒಯ್ಯುತ್ತಿದ್ದರು. ಆ ಪುಟಗಳನ್ನು ಫೋಟೋ ಹೊಡೆದು ಪುಸ್ತಕದಲ್ಲಿ ಹಾಕಿದರೆ ಹೊಳೆಯುವ ಕಾಗದಕ್ಕೂ ಒಂದು ಬೆಲೆ ಬರುತ್ತೆ.

ಗೂಡಿನ ಮನೆ, ಮೈಸೂರು

ನೋಡಿದೆ ಸರ್. 1989ರ ಯುಗಾದಿ ಆದಮೇಲಿನ ಪುಸ್ತಕದಲ್ಲಿ ಕೆಂಪು ಶಾಯಿ ಎಲ್ಲೂ ಇಲ್ಲ. ಅಪ್ಪನನ್ನೂ ಕೇಳಿದೆ. ಪರ್ಮಿಟ್ ಹಿಡಿದು ಬಂದವರಿಗೆ ಚೀಲ ಕೊಡುವಾಗ ತಾತ ಎದ್ದು ನಿಂತು ಕೊಡುತ್ತಿದ್ದರಂತೆ, ಅಷ್ಟು ಕಷ್ಟಪಟ್ಟು ತಂದಿದ್ದಾರೆ ಅಂತ. ನಿಮಗೆ ಹೇಗೆ ಧನ್ಯವಾದ ಹೇಳಬೇಕೋ ಗೊತ್ತಾಗುತ್ತಿಲ್ಲ.

ದೊಡ್ಡಪ್ಪನ ಮಗ

ತಮ್ಮಾ, ನೀನು ಇಲ್ಲಿ ಬರೆದದ್ದನ್ನು ಯಾರೋ ತೋರಿಸಿದರು. ಪೂರ್ತಿ ಓದಿದೆ. ಇಲ್ಲಿರುವ ಹಿರಿಯರಿಗೆಲ್ಲ ನಮಸ್ಕಾರ. ನನ್ನದೂ ಎರಡು ಮಾತು.

ಹಿರಿಯರ ಫೋಟೋ ಹಾಕಬೇಕು ಅನ್ನೋದು ನನಗೆ ಮೆರವಣಿಗೆಗಲ್ಲ. ಸುಣ್ಣದ ಕಾಲ ಮುಗೀತು ಅಂತ ಗೊತ್ತಾದಾಗ ಗೂಡು ಮುಚ್ಚಿ, ನಿನ್ನ ದೊಡ್ಡಮ್ಮನ ಬಳೆ ಅಡ ಇಟ್ಟು, ಸಿಮೆಂಟ್ ಏಜೆನ್ಸಿಗೆ ಠೇವಣಿ ಕಟ್ಟಿದ್ದು ನಮ್ಮಪ್ಪ. ಹಾಗೆ ತರಿಸಿದ ಸಿಮೆಂಟ್ ಲೋಡಿನಲ್ಲಿ ಅರ್ಧ ಮಳೆಗೆ ನೆಂದು ಕಲ್ಲಾಯಿತು. ಉದ್ರಿ ಕೊಟ್ಟದ್ದು ವಾಪಸ್ ಬರದೆ ಎಷ್ಟು ರಾತ್ರಿ ಅವರು ನಿದ್ದೆಗೆಟ್ಟರು ಅಂತ ನಾನು ಕಣ್ಣಾರೆ ನೋಡಿದ್ದೇನೆ. ಬಂಡವಾಳ ಹಾಕಿದವನ ಎದೆಗಾರಿಕೆಯೂ ಚರಿತ್ರೆಯೇ. ಕೂಲಿಯವರ ಹೆಸರು ಹಾಕಬೇಡ ಅಂತ ನಾನು ಹೇಳಲ್ಲ. ಆದರೆ ಹಾಜರಿ ಪುಸ್ತಕದಲ್ಲಿ ಹೆಣ್ಣಾಳಿಗೆ ಗಂಡಾಳಿನ ಅರ್ಧ ಕೂಲಿ ಅಂತ ಇದೆ. ಅದನ್ನು ಅಚ್ಚು ಹಾಕಿ ಮನೆ ಮಾನ ಬೀದಿಗೆ ತರಬೇಕಾ? ಆಗ ಎಲ್ಲ ಕಡೆ ಹಾಗೇ ಇತ್ತು.

ಪಶ್ಚಿಮವಾಹಿನಿ, ಶ್ರೀರಂಗಪಟ್ಟಣ

ನಿಮ್ಮ ಅಪ್ಪನವರ ಕಷ್ಟ ಓದಿ ಬೇಜಾರಾಯಿತು ಅಣ್ಣ, ಅದು ಪುಸ್ತಕದಲ್ಲಿ ಬರಲೇಬೇಕು. ದೊಡ್ಡಮ್ಮನವರ ಬಳೆಯೂ ಬರಬೇಕು.

ಕೂಲಿ ವಿಷಯಕ್ಕೆ ನನ್ನದು ಬೇರೆ ಅಭಿಪ್ರಾಯ. ಸಮಾನ ವೇತನದ ಕಾಯಿದೆ ಬಂದಿದ್ದು 1976ರಲ್ಲಿ. ಅದಕ್ಕೆ ಮುಂಚಿನ ಪುಟ, ಆಮೇಲಿನ ಪುಟ ಎರಡನ್ನೂ ಹಾಕಿ. ಬದಲಾಗಿದ್ದರೆ ನಿಮಗೆ ಹೆಮ್ಮೆ. ಬದಲಾಗದಿದ್ದರೆ ನಮ್ಮ ಅತ್ತೆಯಂಥವರಿಗೆ ಆಗಿದ್ದು ಏನು ಅಂತ ಒಂದು ಕಡೆಯಾದರೂ ದಾಖಲಾಗುತ್ತೆ. ಮಾನ ಹೋಗುವ ಮಾತು ಇದರಲ್ಲಿ ಇಲ್ಲ. ನಿಮ್ಮ ತಾತ ಆ ಪುಸ್ತಕವನ್ನು ಸುಡದೆ ಇಟ್ಟಿದ್ದಾರೆ ಅಲ್ವಾ? ಅವರೇ ಮುಚ್ಚಿಡಲಿಲ್ಲ.

ಕರಾವಳಿಯ ಮಗಳು, ಕುವೆಂಪುನಗರ

ಹೆಂಚಿನ ಬಗ್ಗೆ ಯಾರೂ ಬರೆಯಲಿಲ್ಲ, ನಾನು ಸ್ವಲ್ಪ ಸೇರಿಸುತ್ತೇನೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ, ಪ್ಲೆಬ್ಸ್ಟ್ ಅನ್ನುವವರ ಕೈಯಲ್ಲಿ. ನದಿ ದಂಡೆಯ ಜೇಡಿಮಣ್ಣು ಚೆನ್ನಾಗಿತ್ತು. ಅವರನ್ನು ನೋಡಿ ಊರಿನ ಎಷ್ಟೋ ಮನೆತನಗಳು ಕಾರ್ಖಾನೆ ಹಾಕಿದವು.

ಮೈಸೂರಿಗೆ ಅದರ ಬೇಡಿಕೆ ಜಾಸ್ತಿ ಆಗಿದ್ದಕ್ಕೆ ಪ್ಲೇಗ್ ಕೂಡ ಒಂದು ಕಾರಣ. ಪ್ಲೇಗ್ ಬಂದು ಹೋದ ಮೇಲೆ 1903ರಲ್ಲಿ ನಗರ ಅಭಿವೃದ್ಧಿಗೆ ಟ್ರಸ್ಟ್ ಬೋರ್ಡ್ ಆಯಿತು, ದೇಶದ ಮೊದಮೊದಲಿನವುಗಳಲ್ಲಿ ಒಂದು. ಒತ್ತೊತ್ತಾಗಿದ್ದ ಕೇರಿಗಳಿಂದ ಜನ ಹೊಸ ಬಡಾವಣೆಗಳಿಗೆ ಬಂದರು. ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ ಕಡೆ ಉಳಿದಿರುವ ಹಳೇ ಮನೆಗಳ ಮಾಡು ನೋಡಿ, ಈಗಲೂ ಹೆಂಚಿನ ಹಿಂಬದಿ ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತೆ. ಕೆಡವುವ ಮನೆಯಿಂದ ಒಂದೊಂದು ಹೆಂಚು ತಂದಿಟ್ಟುಕೊಳ್ಳಿ. ನಿಮ್ಮ ತಾತನ ಖಾತೆಯಲ್ಲಿರುವ ಕಾರ್ಖಾನೆ ಹೆಸರಿಗೆ ಹೋಲಿಸಿ ನೋಡಬಹುದು.

ಬೇಬಿ ಬೆಟ್ಟದ ಹತ್ತಿರದವನು, ಪಾಂಡವಪುರ

ಎಲ್ಲರೂ ಹಳೇದನ್ನೇ ಬರೆಯುತ್ತಿದ್ದೀರಿ. ಈಗ ಮಾರುತ್ತಿರುವ ಜಲ್ಲಿ, ಎಂ-ಸ್ಯಾಂಡ್ ಎಲ್ಲಿಂದ ಬರುತ್ತೆ ಅನ್ನೋದೂ ಪುಸ್ತಕದಲ್ಲಿ ಇರಲಿ. ಹೊಳೆ ಮರಳು ಮುಗಿಯುತ್ತಾ ಬಂದ ಮೇಲೆ ಕಲ್ಲು ಅರೆದೇ ಮರಳು ಮಾಡಬೇಕಾಯಿತು. ಆ ಕಲ್ಲಿಗಾಗಿ ನಮ್ಮೂರ ಸುತ್ತ ಬೆಟ್ಟ ಸಿಡಿಸಿದರು. ಸಿಡಿಮದ್ದು ಹಾಕಿದಾಗ ನಮ್ಮ ಮನೆ ಗೋಡೆ ನಡುಗಿದ್ದು, ಜನ ಬೀದಿಗಿಳಿದದ್ದು ನನಗೆ ಮರೆತಿಲ್ಲ. ಕನ್ನಂಬಾಡಿ ಕಟ್ಟೆಗೆ ಅಪಾಯ ಅಂತ ವರ್ಷಗಟ್ಟಲೆ ಹೋರಾಟ ನಡೆದು, 2024ರ ಜನವರಿಯಲ್ಲಿ ಹೈಕೋರ್ಟು ಕಟ್ಟೆಯ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ನಿಲ್ಲಿಸಿ ಅಂತ ಹೇಳಿತು.

ಮುತ್ತಾತನ ಸುಣ್ಣ ಆ ಕಟ್ಟೆಗೆ ಹೋಗಿತ್ತು ಅಂತ ಹೆಮ್ಮೆ ಪಡುವ ಮನೆಯವರು ಇವತ್ತು ಜಲ್ಲಿ ಎಲ್ಲಿಂದ ತರಿಸುತ್ತೀರಿ ಅಂತ ಬರೆಯಲೇಬೇಕು. ಸಿಟ್ಟಿನಿಂದ ಕೇಳುತ್ತಿಲ್ಲ ಅಣ್ಣ, ನಮ್ಮೂರಿನವನಾಗಿ ಕೇಳುತ್ತಿದ್ದೇನೆ.

ದೊಡ್ಡಪ್ಪನ ಮಗ

ನೀವು ಕೇಳಿದ್ದು ಸರಿ ಇದೆ. ಕ್ರಷರ್‌ನವರು ಕೊಡುವ ಪರ್ಮಿಟ್ ಚೀಟಿಗಳು ನಮ್ಮ ಆಫೀಸಿನಲ್ಲಿ ಫೈಲ್ ಮಾಡಿ ಇಟ್ಟಿದ್ದೇವೆ. ಯಾವ ಊರಿನಿಂದ ಬಂತು ಅಂತ ಅದರಲ್ಲಿ ಇರುತ್ತೆ. ಕೊನೆಯ ಅಧ್ಯಾಯಕ್ಕೆ ನಾನೇ ಅದನ್ನು ತೆಗೆದುಕೊಡುತ್ತೇನೆ. ಹೆಣ್ಣಾಳಿನ ಕೂಲಿ ಪುಟದ ಬಗ್ಗೆ ಅಪ್ಪ, ಚಿಕ್ಕಪ್ಪನ ಜೊತೆ ಮಾತಾಡಿ ಹೇಳುತ್ತೇನೆ.

ಹಳೇ ಇಂಜಿನಿಯರ್, ಸರಸ್ವತಿಪುರಂ

ಅಣ್ಣ ತಮ್ಮ ಇಬ್ಬರೂ ಇಲ್ಲೇ ಕೂತು ಮಾತಾಡಿದ್ದು ನೋಡಿ ಖುಷಿಯಾಯಿತು. ಒಂದು ಸಣ್ಣ ಸಲಹೆ. ಅಧ್ಯಾಯಗಳನ್ನು ತಲೆಮಾರಿನ ಲೆಕ್ಕದಲ್ಲಿ ಮಾಡಬೇಡಿ, ಸರಕಿನ ಲೆಕ್ಕದಲ್ಲಿ ಮಾಡಿ. ಸುಣ್ಣ, ಇಟ್ಟಿಗೆ, ಹೆಂಚು, ಸಿಮೆಂಟು, ಕಂಬಿ, ಎಂ-ಸ್ಯಾಂಡ್. ಆಗ ಮಾಲೀಕರು, ಮೇಸ್ತ್ರಿ, ಕೂಲಿಯವರು, ಗಿರಾಕಿ, ಬೆಟ್ಟದ ಪಕ್ಕದ ಊರಿನವರು ಎಲ್ಲರಿಗೂ ತಾನಾಗಿಯೇ ಜಾಗ ಸಿಗುತ್ತೆ. ರೆಡ್ ಆಕ್ಸೈಡ್ ನೆಲಕ್ಕೂ ಒಂದು ಪುಟ ಇಡಿ, ಅದನ್ನು ಮರೆತರೆ ಮೈಸೂರಿನ ಮನೆಗಳ ಬಗ್ಗೆ ಬರೆದ ಹಾಗಾಗಲ್ಲ.

ಗೂಡಿನ ಮನೆ, ಮೈಸೂರು

ಸರಕಿನ ಲೆಕ್ಕದಲ್ಲೇ ಮಾಡುತ್ತೇವೆ ಸರ್. ಅಣ್ಣನೂ ಒಪ್ಪಿದ. ಹೆಣ್ಣಾಳಿನ ಕೂಲಿ ಪುಟ ಹಾಕೋಣ ಅಂತ ಮೊದಲು ಹೇಳಿದ್ದು ದೊಡ್ಡಪ್ಪನೇ. ಫೋಟೋಗಳು ಇರುತ್ತವೆ, ಆದರೆ ಪ್ರತಿ ಫೋಟೋ ಎದುರು ಅದೇ ವರ್ಷದ ಕಿರ್ದಿಯ ಒಂದು ಪುಟ.

ಒಂದು ಕಷ್ಟ ಉಳಿದಿದೆ. ಹಾಜರಿ ಪುಸ್ತಕದಲ್ಲಿ ಗಂಡಾಳುಗಳಿಗೆ ಹೆಸರಿದೆ, ಹೆಬ್ಬೆಟ್ಟಿನ ಗುರುತಿದೆ. ಹೆಂಗಸರಿಗೆ ಎಷ್ಟೋ ಕಡೆ ಹೆಸರೇ ಇಲ್ಲ. 'ಹೆಣ್ಣಾಳು' ಅಂತ ಬರೆದು ಮುಂದೆ ಒಂದು ಅಂಕಿ, ಅಷ್ಟೇ. ಗೂಡು ಇದ್ದದ್ದು ಮೇಟಗಳ್ಳಿ ದಾರಿಯಲ್ಲಿ. ಆ ಸುತ್ತಿನಲ್ಲಿ ಯಾರ ಮನೆಯಲ್ಲಾದರೂ ಅಜ್ಜಿ, ಮುತ್ತಜ್ಜಿ ಸುಣ್ಣದ ಗೂಡಿನ ಕೆಲಸಕ್ಕೆ ಹೋಗುತ್ತಿದ್ದರು ಅಂತ ಕೇಳಿದ್ದರೆ ದಯವಿಟ್ಟು ತಿಳಿಸಿ. ಹೆಸರು ಸಿಕ್ಕವರದ್ದು ಹೆಸರು ಹಾಕುತ್ತೇವೆ. ಸಿಗದ ಕಡೆ ಆ ಪುಟ ಹೇಗಿದೆಯೋ ಹಾಗೇ ಅಚ್ಚು ಹಾಕುತ್ತೇವೆ.

ಕರಣೆ, ಮದ್ದೂರು

ನನ್ನ ಜೊತೆ ಕೆಲಸ ಮಾಡುವ ಸೆಂಟ್ರಿಂಗ್ ಹುಡುಗನ ಮನೆ ಆ ಕಡೆಯೇ. ಅವರಜ್ಜಿ ಗೂಡಿನ ಕೆಲಸಕ್ಕೆ ಹೋಗುತ್ತಿದ್ದರು ಅಂತ ಒಂದು ಸಲ ಹೇಳಿದ್ದ. ಅಜ್ಜಿ ಇನ್ನೂ ಇದ್ದಾರೆ, ಕಿವಿ ಸ್ವಲ್ಪ ಮಂದ, ನೆನಪು ಚೆನ್ನಾಗಿದೆ. ಈ ವಾರ ಮೋಲ್ಡ್ ಕೆಲಸ ಇದೆ, ಅದು ಮುಗಿದ ಮೇಲೆ ಅವನನ್ನು ಕರ್ಕೊಂಡು ನಿಮ್ಮ ಅಂಗಡಿಗೇ ಬರುತ್ತೇನೆ. ಪಶ್ಚಿಮವಾಹಿನಿ ಅಕ್ಕನೂ ಜೊತೆಗೆ ಬಂದರೆ ಒಳ್ಳೇದು, ಅಜ್ಜಿ ಹೆಂಗಸರ ಹತ್ತಿರ ಜಾಸ್ತಿ ಮಾತಾಡುತ್ತಾರೆ.

ಪಶ್ಚಿಮವಾಹಿನಿ, ಶ್ರೀರಂಗಪಟ್ಟಣ

ಖಂಡಿತ ಬರುತ್ತೇನೆ ಅಣ್ಣ. ಹಿಂದಿನ ದಿನ ತಿಳಿಸಿ ಸಾಕು. ಹಾಜರಿ ಪುಸ್ತಕವನ್ನೂ ತನ್ನಿ, ಜೊತೆಗಿದ್ದವರ ಹೆಸರು ಅಜ್ಜಿಗೆ ನೆನಪಿದ್ದರೆ ಅಲ್ಲೇ ಬರೆದುಕೊಳ್ಳಬಹುದು.